ಮಂಗಳೂರು ಕಾರ್ಮೆಲಿನ ಅನುಭಾವಿನಿ

ಪುತ್ತೂರು, ಸುಳ್ಯ, ಕಡಬ ಸೀಮೆಯ ಕ್ರೈಸ್ತರಲ್ಲಿ ಮುಖ್ಯವಾಗಿ ಎರಡು ಪಂಗಡಗಳುಂಟು. ಒಂದು, ಕೊಂಕಣಿಯನ್ನು ಮನೆಮಾತಾಗಿ ಉಳ್ಳ ರೋಮನ್ ಕೆಥೊಲಿಕರು. ಇವರ ಧರ್ಮಪೀಠವು ಮಂಗಳೂರು. ಮತ್ತೊಂದು, ಕಳೆದ ಶತಮಾನದಲ್ಲಿ ತಿರುವಾಂಕೂರು ಕಡೆಯಿಂದ ಬಂದು ಘಟ್ಟದ ಬುಡದಲ್ಲಿ ರಬ್ಬರು, ಮರಗೆಣಸುಗಳ ಬೇಸಾಯವನ್ನು ಮಾಡಿ ನೆಲೆನಿಂತ ಸುರಿಯಾನಿ ಕ್ರೈಸ್ತರು. ಇವರೊಳಗೆ ಮಲಂಕರ ಕೆಥೊಲಿಕರಿಗಾಗಿ 2010ರಲ್ಲಿ ಪುತ್ತೂರಿನ ಹೆಸರಿನಲ್ಲಿಯೇ ಒಂದು ಧರ್ಮಪ್ರಾಂತವು ಏರ್ಪಟ್ಟಿತು. ಸುರಿಯಾನಿಗಳು ತಮ್ಮ ಪ್ರಧಾನ ಪೂಜೆಯನ್ನು ‘ಕುರ್ಬಾನ’ ಎಂದು ಕರೆಯುವರು. ಆ ಶಬ್ದಕ್ಕೆ ಕಾಣಿಕೆಯೆಂದು ರೂಢಿಯ ಅರ್ಥ. ಧಾತ್ವರ್ಥವಾದರೋ ಸಮೀಪಕ್ಕೆ ಬರುವುದು ಎಂದು. ಸಂಸ್ಕೃತದ ‘ಉಪಾಸನ’ವೆಂದರೆ ಹತ್ತಿರ ಕುಳಿತುಕೊಳ್ಳುವುದಷ್ಟೆ. ಒಂದಕ್ಕೊಂದು ನಂಟಿಲ್ಲದ ಎರಡು ಭಾಷೆಗಳು ದೇವರ ಪೂಜೆಗೆ ಒಂದೇ ಭಾವದ ಹೆಸರನ್ನಿಟ್ಟಿರುವುದು ಗಮನಿಸತಕ್ಕ ಸಂಗತಿ.

ಆದರೆ ಸಾಮೀಪ್ಯವೆಂಬುದು ಪರರ ಕಣ್ಣಿಗೆ ಕಾಣುವಂಥದಲ್ಲ. ದೇವರ ಸನ್ನಿಧಿಯನ್ನು ಪಡೆದವರು ಯಾರು, ಪಡೆದೆನೆಂದು ಭ್ರಮಿಸಿದವರು ಯಾರು ಎಂದು ನಿರ್ಣಯಿಸುವುದು ಹೇಗೆ? ಈ ಪ್ರಶ್ನೆಯು ಇದೇ ಜಿಲ್ಲೆಯಲ್ಲಿ, ಮಂಗಳೂರಿನ ಒಂದು ಕನ್ಯಾಮಠದೊಳಗೆ, 1872ರಲ್ಲಿ ಬಹು ಕಠಿನವಾಗಿ ಎದ್ದಿತು. ಪುತ್ತೂರು ಆಗ ಉಪ್ಪಿನಂಗಡಿ ತಾಲೂಕಿನೊಳಗಿದ್ದಿತು; ಅಲ್ಲಿಯ ಕೆಥೊಲಿಕರು ಯಾವ ಬಿಷಪರ ಅಧೀನದಲ್ಲಿದ್ದರೋ ಆ ಬಿಷಪರೇ ಈ ವಿಚಾರಣೆಯಲ್ಲಿಯೂ ತೀರ್ಪುಗಾರರಾದರು.

ಮರಿಯಂ ಬವಾರ್ದಿಯು 1846ನೆಯ ಜನವರಿ 5ರಂದು ಗಲಿಲಾಯ ಪ್ರಾಂತದ ಇಬಿಲ್ಲೀನ್ ಎಂಬ ಹಳ್ಳಿಯಲ್ಲಿ ಹುಟ್ಟಿದಳು. ಅರಬ್ಬಿ ಮಾತನಾಡುವ ಗ್ರೀಕ್ ಕೆಥೊಲಿಕ ಕುಟುಂಬ. ಹನ್ನೆರಡು ಗಂಡುಮಕ್ಕಳನ್ನು ಶೈಶವದಲ್ಲಿಯೇ ಕಳೆದುಕೊಂಡ ದಂಪತಿಗಳು ಬೆತ್ಲೆಹೇಮಿಗೆ ಯಾತ್ರೆಹೋಗಿ ಹರಕೆ ಹೊತ್ತು ಪಡೆದ ಮಗುವಿದು. ಮೂರನೆಯ ವರ್ಷಕ್ಕೆಲ್ಲ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಬಳಿಕ ಅಲೆಕ್ಸಾಂಡ್ರಿಯ, ಯೆರೂಸಲೇಮು, ಬೇರೂತು, ಕಡೆಗೆ ಫ್ರಾನ್ಸಿನ ಮಾರ್ಸೇಲ್ಸ್ ಹೀಗೆ ಊರೂರಿನಲ್ಲಿ ಮನೆಗೆಲಸ ಮಾಡಿಕೊಂಡು ಬೆಳೆದಳು. ಓದುಬರಹವು ಬಾರದು. 1867ರಲ್ಲಿ ಫ್ರಾನ್ಸಿನ ಪೋ ಎಂಬ ಊರಿನ ಕಾರ್ಮೆಲ್ ಮಠವನ್ನು ಸೇರಿದಳು. ಅಲ್ಲಿ ಭಾವಸಮಾಧಿಗಳು ಒದಗುತ್ತಿದ್ದುವೆಂದೂ, ಯೇಸುವಿನ ಪಂಚಗಾಯಗಳು ಆಕೆಯ ಶರೀರದಲ್ಲಿ ಮೂಡಿ ರಕ್ತ ಒಸರಿತೆಂದೂ ಮಠದವರು ಬರೆದಿಟ್ಟರು. ಆಕೆಯಾದರೋ ತನ್ನನ್ನು ‘ಏನೂ ಅಲ್ಲದವಳು’ ಎಂದೇ ಹೇಳಿಕೊಳ್ಳುತ್ತಿದ್ದಳು.

ಮಂಗಳೂರಿನ ಬಿಷಪರಾದ ಮಾರಿ ಎಫ್ರೆಂ ಗಾರಲೋನರು ಸ್ವತಃ ಕಾರ್ಮೆಲೀಯರು. ತಮ್ಮ ಪ್ರಾಂತದಲ್ಲಿ ಮೌನಪ್ರಾರ್ಥನೆಯ ಒಂದು ಮಠವಿರಬೇಕೆಂಬುದು ಅವರ ಬಯಕೆ. ಅದರಂತೆ 1870ರ ಆಗಸ್ಟಿನಲ್ಲಿ ಪೋ ಮಠದ ಕನ್ಯೆಯರ ತಂಡವು ಹಡಗು ಹತ್ತಿತು, ಮರಿಯಂ ಅವರಲ್ಲೊಬ್ಬಳು. ಮಂಗಳೂರು ಮುಟ್ಟುವ ಮೊದಲೇ ಮೂವರು ದಾರಿಯಲ್ಲಿ ಪ್ರಾಣಬಿಟ್ಟರು. ವೆರೋನಿಕಾ ಮಾತೆಯು 1868ರಲ್ಲಿ ಸ್ಥಾಪಿಸಿದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸೋದರಿಯರೂ ಆ ವರ್ಷವೇ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣವನ್ನು ಕೈಗೊಂಡರು. 1921ರ ಸೈಂಟ್ ಆಗ್ನೆಸ್ ಕಾಲೇಜು ಆ ಸಭೆಯದೇ. ಜಿಲ್ಲೆಯ ಎಷ್ಟೋ ಮನೆಗಳು ಆ ಉಪಕಾರವನ್ನು ಬಲ್ಲವು. ಗೋಡೆಯೊಳಗೆ ಉಳಿದವರ ಕಥೆಯನ್ನು ಬಲ್ಲವರು ಕಡಿಮೆ.

1871ನೆಯ ನವೆಂಬರ್ 21ರಂದು ಮರಿಯಂ ಮಂಗಳೂರಿನಲ್ಲಿ ವ್ರತದೀಕ್ಷೆಯನ್ನು ಪಡೆದಳು. ಭಾರತದ ನೆಲದಲ್ಲಿ ಕಾರ್ಮೆಲ್ ಮಠದ ವ್ರತವನ್ನು ತೊಟ್ಟವರಲ್ಲಿ ಆಕೆಯೇ ಮೊದಲಿಗಳು. ಆದರೆ ಕೆಲವು ತಿಂಗಳುಗಳೊಳಗೆ ವಾತಾವರಣವು ಕೆಟ್ಟಿತು. ಆಕೆಯ ಭಾವಸಮಾಧಿಗಳು ಕಲ್ಪನೆಯ ವಿಕಾರವೆಂದೋ, ಪಿಶಾಚಿಯ ಆಟವೆಂದೋ ಸಂಶಯವು ಹುಟ್ಟಿತು. ಹಿರಿಯರ ವಿಶ್ವಾಸವು ತಪ್ಪಿತು. 1872ರಲ್ಲಿ ಆಕೆಯನ್ನು ಪೋ ಮಠಕ್ಕೆ ಹಿಂದಕ್ಕೆ ಕಳುಹಿಸಿಬಿಟ್ಟರು.

ಇಲ್ಲಿ ಬಿಷಪರನ್ನು ನಿರ್ದಯರೆಂದು ಜರೆಯುವುದು ಸುಲಭ, ನ್ಯಾಯವಲ್ಲ. ದರ್ಶನಗಳನ್ನು ಸಂಶಯದಿಂದ ನೋಡಬೇಕೆಂಬುದು ಕಾರ್ಮೆಲಿನ ಆಚಾರ್ಯರೇ ಹಾಕಿಕೊಟ್ಟ ದಾರಿ. ಸ್ಪೇನಿನ ಯೋಹಾನನು (ಮರಣ 1591) ದರ್ಶನಗಳನ್ನು ಬಯಸಲೂ ಬಾರದು, ಬಂದರೆ ಅವುಗಳಿಗೆ ಅಂಟಿಕೊಳ್ಳಲೂ ಬಾರದು ಎಂದು ಬೋಧಿಸಿದವನು. ಅವಿಲಾದ ತೆರೇಸಳು 1577ರಲ್ಲಿ ಬರೆದ ‘ಅಂತರಂಗದ ಕೋಟೆ’ ಎಂಬ ಗ್ರಂಥದಲ್ಲಿ ಜೀವವನ್ನು ಏಳು ನಿವಾಸಗಳುಳ್ಳ ಕೋಟೆಗೆ ಹೋಲಿಸಿ, ಏಳನೆಯದರಲ್ಲಿ ದೇವರೊಡನೆ ಆತ್ಮದ ವಿವಾಹವನ್ನು ವರ್ಣಿಸುತ್ತಾಳೆ. ವಚನಕಾರರ ಶರಣಸತಿ ಲಿಂಗಪತಿ ಭಾವವನ್ನು ಬಲ್ಲ ಕನ್ನಡಿಗರಿಗೆ ಇದು ಪರಕೀಯವೆನಿಸದು. ಅಷ್ಟು ಎತ್ತರವನ್ನು ಹೇಳಿದವಳೂ ಆ ಮದುವೆಯ ಫಲವು ಕೆಲಸವೇ ಹೊರತು ಆನಂದದ ಅನುಭವವಲ್ಲವೆಂದು ಒತ್ತಿ ಹೇಳಿದ್ದಾಳೆ. ಆದುದರಿಂದ ಪರೀಕ್ಷಿಸಿದ್ದು ತಪ್ಪಲ್ಲ. ಪರೀಕ್ಷೆ ಮುಗಿಯುವ ಮುನ್ನ ತೀರ್ಪಾಯಿತೆಂಬುದೇ ಕೊರತೆ. ಫಲವನ್ನು ನೋಡಿ ಮರವನ್ನರಿಯಬೇಕೆಂಬುದು ಅವರ ಶಾಸ್ತ್ರದ ಮಾತೇ. ಫಲವು ಕಾಣಬೇಕಾದರೆ ಋತುವನ್ನು ಕಾಯಬೇಕು. ಗಾರಲೋನರು ಕಾಯುವಷ್ಟು ಕಾಲ ಬದುಕಲೂ ಇಲ್ಲ, 1873ರಲ್ಲಿ ತೀರಿಕೊಂಡರು.

ಮರಿಯಂ ಕಹಿಯನ್ನು ಇಟ್ಟುಕೊಳ್ಳದೆ ಪೋ ಮಠದ ಕೆಲಸಕ್ಕೆ ಮರಳಿದಳು. 1875ರಲ್ಲಿ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠವನ್ನು ಕಟ್ಟಲು ಹೊರಟ ತಂಡದಲ್ಲಿ ಆಕೆಯೂ ಇದ್ದಳು; ತಂದೆತಾಯಿಗಳು ಹರಕೆ ಹೊತ್ತ ಊರು ಅದೇ. ಅರಬ್ಬಿ ಬಲ್ಲವಳಾದ್ದರಿಂದ ಕಟ್ಟಡದ ಆಳುಗಳ ಮೇಲ್ವಿಚಾರಣೆಯು ಆಕೆಯ ಪಾಲಿಗೆ ಬಂದಿತು. 1878ರ ಆಗಸ್ಟಿನ ಬಿಸಿಲಿನಲ್ಲಿ ಆಳುಗಳಿಗೆ ಕುಡಿಯುವ ನೀರನ್ನು ಹೊತ್ತುಕೊಂಡು ಹೋಗುತ್ತಿರುವಾಗ ಜಾರಿಬಿದ್ದು ಕೈ ಮುರಿಯಿತು. ಗಾಯವು ಕೊಳೆತು ವಿಷವೇರಿತು. ಅದೇ ತಿಂಗಳ 26ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಪ್ರಾಣವು ಹೋಯಿತು.

ಆ ವರ್ಷದ ಕೊನೆಗೆ ಮಂಗಳೂರು ಪ್ರಾಂತವು ಕಾರ್ಮೆಲೀಯರ ಕೈಯಿಂದ ಯೇಸುಸಭೆಯವರಿಗೆ ಸೇರಿತು. 1983ರಲ್ಲಿ ರೋಮಿನಲ್ಲಿ ಮರಿಯಮ್ಮಳಿಗೆ ಪುನೀತಪದವಿಯೂ, 2015ನೆಯ ಮೇ 17ರಂದು ಪೋಪ್ ಫ್ರಾನ್ಸಿಸರಿಂದ ಸಂತಪದವಿಯೂ ದೊರೆತುವು. ಆಕೆಯನ್ನು ಹೊರಗೆ ಕಳುಹಿಸಿದ ಮಂಗಳೂರಿನ ಕಾರ್ಮೆಲ್ ಮಠವು ಇಂದಿಗೂ ಇದೆ. ಕನ್ಯೆಯರು ಗೋಡೆಯೊಳಗೆ ಮೌನದಿಂದಿದ್ದು, ಆಕೆಯನ್ನು ತಮ್ಮ ಮಠದ ಸಂತಳೆಂದು ಆದರಿಸುತ್ತಾರೆ.