ಮಂಗಳೂರಿನ ಗೆನಿಜಾ ಹಸ್ತಪ್ರತಿಗಳು: ಓದು ಮತ್ತು ಪ್ರದರ್ಶನ

12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು, ಲೆಕ್ಕಪಟ್ಟಿಗಳು ಮತ್ತು ಕರಡುಗಳೇ ಈ ಹಸ್ತಪ್ರತಿಗಳು. ಬಹುಪಾಲು ಹೀಬ್ರೂ ಲಿಪಿಯ ಅರಬ್ಬಿಯಲ್ಲಿವೆ. ದೇವರ ಹೆಸರಿರಬಹುದಾದ ಹಾಳೆಗಳನ್ನು ನಾಶಮಾಡದೆ ಹಾಕಿಡುತ್ತಿದ್ದ ಕೋಣೆಯಲ್ಲಿ, ಅಂದರೆ ಕೈರೋ ಬಳಿಯ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾದಲ್ಲಿ, ಇವು ಉಳಿದುಬಂದವು. 1896–97ರಲ್ಲಿ ವಿದ್ವಾಂಸ ಸಾಲೊಮನ್ ಷೆಕ್ಟರ್ ಆ ರಾಶಿಯ ದೊಡ್ಡ ಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು.

ಬೆನ್ ಯಿಜು ಟುನೀಸಿಯಾದ ಮಹ್ದಿಯಾದವನು. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವನ್ನು 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲೇ ಬರೆಸಿದ. ಇಲ್ಲಿ ಅವನದೊಂದು ಕಂಚಿನ ಕಾರ್ಖಾನೆಯಿತ್ತು. ಏಡನ್ ಬಂದರಿನ ಗಿರಾಕಿಗಳು ಹಳೆಯ ಪಾತ್ರೆಗಳನ್ನು ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. 1149ರಲ್ಲಿ ಬೆನ್ ಯಿಜು ಭಾರತ ಬಿಟ್ಟು ಏಡನ್‌ಗೆ ಹೋದ.

ಹೆಚ್ಚು ಚರ್ಚೆಯಾಗಿರುವುದು ಬೆನ್ ಯಿಜುವಿನ ಆಳೊಬ್ಬನ ಗುರುತು. 1148ರಲ್ಲಿ ಏಡನ್‌ನ ವರ್ತಕ ಖಲಫ್ ಇಬ್ನ್ ಇಸ್ಹಾಕ್ ಅವನಿಗೆ ಬರೆದ, ಈಗ ಜೆರುಸಲೇಮಿನಲ್ಲಿರುವ ಪತ್ರದಲ್ಲಿ ಆ ಆಳಿಗೂ ವಂದನೆಗಳಿವೆ. ಸ್ವರಗಳಿಲ್ಲದೆ ಬರೆದ ಆಳಿನ ಹೆಸರನ್ನು ಗೆನಿಜಾ ವಿದ್ವಾಂಸ ಎಸ್. ಡಿ. ಗೊಯ್ಟೈನ್ ‘ಬಾಮಾ’ ಎಂದು ಓದಿದ್ದರು. ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ವಿದ್ವಾಂಸ ಬಿ. ಎ. ವಿವೇಕ ರೈ ಅವರೊಡನೆ ಚರ್ಚಿಸಿ, ತುಳುನಾಡಿಗೆ ಸಹಜವಾದ ‘ಬೊಮ್ಮ’ ಎಂದು 1992ರಲ್ಲಿ ಬರೆದರು. ಆದರೆ ಅವನನ್ನು ಬರಿಯ ಗುಲಾಮ ಎಂದು ಕರೆದರೆ ಚಿತ್ರ ಅರ್ಧವಾಗುತ್ತದೆ: ಯಜಮಾನನ ಪರವಾಗಿ ಸಮುದ್ರ ದಾಟಿ ಏಡನ್‌ನಲ್ಲಿ ವ್ಯವಹಾರ ನಡೆಸಿದವನು ಅವನು. ಪ್ರದರ್ಶನದ ಫಲಕದಲ್ಲಿ ಎರಡನ್ನೂ ಹೇಳಬೇಕು.

ಪ್ರದರ್ಶನ ರೂಪಿಸುವವರಿಗೆ ಇದಕ್ಕಿಂತ ಕಷ್ಟದ ಸಂಗತಿ ಹಾಳೆಯ ಹಿಂಬದಿ. ಆಗ ಮಲಬಾರ್ ತೀರದಲ್ಲಿ ಕಾಗದ ದುರ್ಲಭವಾಗಿತ್ತು. ಏಡನ್‌ನ ಮಿತ್ರರು ಅದನ್ನು ಉಡುಗೊರೆಯಾಗಿ ಕಳಿಸುತ್ತಿದ್ದರು. ಹಾಗಾಗಿ ಬೆನ್ ಯಿಜು ಬಂದ ಪತ್ರಗಳ ಖಾಲಿ ಜಾಗದಲ್ಲೇ ತನ್ನ ಲೆಕ್ಕ, ಕರಡುಗಳನ್ನು ಬರೆದ. ಒಂದೇ ಮುಖ ತೋರಿಸುವ ಗಾಜಿನ ಪೆಟ್ಟಿಗೆಯಲ್ಲಿ ಏಡನ್ ಕಂಡರೆ ಮಂಗಳೂರು ಮರೆಯಾಗುತ್ತದೆ. ಕೇಂಬ್ರಿಜ್‌ನ ತುಣುಕುಗಳು ಪಾರದರ್ಶಕ ಪಾಲಿಯೆಸ್ಟರ್ ಹಾಳೆಗಳ ನಡುವೆ ಇರುವುದರಿಂದ ನಿಲ್ಲಿಸಿ ಎರಡೂ ಬದಿ ತೋರಿಸುವುದು ಸಾಧ್ಯ. ಬೆಳಕು ಮಾತ್ರ ಸುಮಾರು 50 ಲಕ್ಸ್ ಮೀರಬಾರದು. ಸಂಗ್ರಹ ಹರಿದು ಹಂಚಿಹೋಗಿರುವುದು ಮತ್ತೊಂದು ತೊಡಕು: ಆಶುವಿನ ಬಿಡುಗಡೆ ಪತ್ರ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ.

2017ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಗ್ರಂಥಾಲಯ ಗೆನಿಜಾ ಕುರಿತು ದೊಡ್ಡ ಪ್ರದರ್ಶನ ನಡೆಸಿ, ಧರ್ಮಗ್ರಂಥಗಳ ಜೊತೆಗೆ ಜನಸಾಮಾನ್ಯರ ಬದುಕಿಗೂ ಜಾಗ ಕೊಟ್ಟಿತು. ಗೊಯ್ಟೈನ್ ತೀರಿಕೊಂಡ ಮೇಲೆ ವಿದ್ವಾಂಸ ಮೊರ್ದೆಕೈ ಫ್ರೀಡ್‌ಮನ್ ಪೂರ್ಣಗೊಳಿಸಿದ ಭಾರತ ವ್ಯಾಪಾರದ ಪತ್ರಸಂಪುಟ 2008ರಲ್ಲೇ ಬಂದಿತ್ತು. 2018ರಲ್ಲಿ ಇತಿಹಾಸಕಾರ್ತಿ ಎಲಿಜಬೆತ್ ಲ್ಯಾಂಬರ್ನ್, ಬೆನ್ ಯಿಜು ಹಡಗು ಹತ್ತುವಾಗಿನ ಸಾಮಾನು ಪಟ್ಟಿಯೊಂದನ್ನೇ ಆಧರಿಸಿ ಇಡೀ ಪುಸ್ತಕ ಬರೆದರು. ಹಲವು ಹಾಳೆಗಳ ಎರಡೂ ಬದಿಯ ಚಿತ್ರಗಳನ್ನು ಈಗ ಅಂತರಜಾಲದಲ್ಲಿ ಮಂಗಳೂರಿನಲ್ಲೇ ಕುಳಿತು ನೋಡಬಹುದು.