ಬ್ಲೆಡ್ ಸರೋವರತೀರದ ಟಿಟೊ ನಿವಾಸ: ಒಂದು ಕಾಲವಿಚಾರ

1989ರಿಂದ 1991ರವರೆಗಿನ ಅವಧಿಯಲ್ಲಿ ಪೂರ್ವ ಯೂರೋಪಿನ ಕಮ್ಯೂನಿಸ್ಟ್ ಸರಕಾರಗಳು ಒಂದಾದಮೇಲೊಂದು ಕುಸಿದುವು; ಆಮೇಲೆ ಅಲ್ಲಿಯ ನಾಯಕರ ವಿಶ್ರಾಂತಿಭವನಗಳು ಹೋಟೆಲುಗಳಾದುವು ಎಂಬ ಅಭಿಪ್ರಾಯ ಸಾಮಾನ್ಯವಾಗಿ ಪ್ರಚಾರದಲ್ಲಿದೆ. ಭವನದ ಬಾಗಿಲು ತೆರೆದುದಕ್ಕೆ ರಾಜ್ಯವ್ಯವಸ್ಥೆಯ ಪತನವೇ ಕಾರಣವೆಂದು ಹೇಳುವ ಈ ಮಾತು ನೆನಪಿನಲ್ಲಿಡಲು ಸುಲಭ. ಆದರೆ ಎಲ್ಲ ಕಡೆಗೂ ಅನ್ವಯಿಸತಕ್ಕುದಲ್ಲ. ಸ್ಲೊವೇನಿಯದ ಬ್ಲೆಡ್ ಸರೋವರದ ತಡಿಯಲ್ಲಿರುವ 'ವಿಲಾ ಬ್ಲೆಡ್' ಭವನದ ಚರಿತ್ರೆಯನ್ನು ಪರಿಶೀಲಿಸಿ, ಈ ಅಭಿಪ್ರಾಯಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಬ್ಲೆಡ್, ಜೂಲಿಯನ್ ಆಲ್ಪ್ಸ್ ಪರ್ವತಗಳ ಸಮೀಪದ ಊರು. ಸರೋವರದ ಉದ್ದ ಸುಮಾರು 2 ಕಿಲೋಮೀಟರು. ನಡುವೆ ಒಂದು ದ್ವೀಪ, ಅದರ ಮೇಲೊಂದು ಇಗರ್ಜಿ. ತೀರದ ಬಂಡೆಯ ಮೇಲೆ, 1011ರಷ್ಟು ಹಿಂದೆಯೇ ಉಲ್ಲೇಖಗೊಂಡಿರುವ ಕೋಟೆ. 19ನೆಯ ಶತಮಾನದ ನಡುವಣ ಕಾಲದಲ್ಲಿ ಆರ್ನಾಲ್ಡ್ ರಿಕ್ಲಿ ಎಂಬ ಸ್ವಿಸ್ ಗೃಹಸ್ಥನು ನೀರು, ಗಾಳಿ, ಬಿಸಿಲುಗಳ ಚಿಕಿತ್ಸೆಯನ್ನು ಇಲ್ಲಿ ಪ್ರಾರಂಭಿಸಿದಂದಿನಿಂದ ಊರು ಆರೋಗ್ಯಧಾಮವೆಂದು ಹೆಸರಾಯಿತು. ಎರಡು ಮಹಾಯುದ್ಧಗಳ ನಡುವೆ ಯುಗೋಸ್ಲಾವಿಯದ ಕಾರಜಾರ್ಜೆವಿಚ್ ರಾಜಮನೆತನದವರು ಇಲ್ಲಿಯ 'ಸುವೊಬೋರ್' ಎಂಬ ಭವನದಲ್ಲಿ ಬೇಸಗೆಯನ್ನು ಕಳೆಯುತ್ತಿದ್ದರು. 1934ರಲ್ಲಿ ಅಲೆಕ್ಸಾಂಡರ್ ದೊರೆ ಮಾರ್ಸೇಲ್ಸಿನಲ್ಲಿ ಕೊಲೆಗೀಡಾದನು. ಆ ದಶಕದ ಕೊನೆಯಲ್ಲಿ, ವಾಸ್ತುಶಿಲ್ಪಿ ಯೋಜೆ ಪ್ಲೆಚ್ನಿಕ್‌ನ ಯೋಜನೆಯಂತೆ, ಹಳೆಯ ಭವನದ ಸ್ಥಳದಲ್ಲಿ ಹೊಸ ಅರಮನೆಯ ಕೆಲಸ ಮೊದಲಾಯಿತು. 1941ರ ಏಪ್ರಿಲಿನಲ್ಲಿ ಜರ್ಮನ್ ಸೈನ್ಯ ದೇಶಕ್ಕೆ ನುಗ್ಗಿತು. ಅರಮನೆ ಅರ್ಧಕ್ಕೇ ನಿಂತಿತು.

1945ರ ನವೆಂಬರಿನಲ್ಲಿ ರಾಜಪ್ರಭುತ್ವ ರದ್ದಾಗಿ ಗಣರಾಜ್ಯ ಘೋಷಿತವಾಯಿತು. ಹೊಸ ಸರಕಾರ ಆ ಸ್ಥಳವನ್ನು ಬಿಟ್ಟುಕೊಡಲಿಲ್ಲ. ವಿಂಕೊ ಗ್ಲಾಂಜ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ 1947ರಲ್ಲಿ ಭವನ ಪೂರ್ಣಗೊಂಡು ಮಾರ್ಷಲ್ ಟಿಟೊನ ನಿವಾಸವಾಯಿತು. ದೊರೆಯ ಅಡಿಪಾಯದ ಮೇಲೆಯೇ ಜನನಾಯಕನ ಮನೆ ಎದ್ದಿತೆಂಬುದನ್ನು ವಾಚಕರು ಗಮನಿಸಬೇಕು. ಬ್ಲೆಡ್ ಕೇವಲ ವಿಶ್ರಾಂತಿಯ ಊರಾಗಿ ಉಳಿಯಲಿಲ್ಲ. ಅದೇ 1947ರ ಬೇಸಗೆಯಲ್ಲಿ ಟಿಟೊ ಮತ್ತು ಬಲ್ಗೇರಿಯದ ದಿಮಿತ್ರೊವ್ ಇಲ್ಲಿ ಒಪ್ಪಂದಕ್ಕೆ ಬಂದರು. ಇಬ್ಬರ ಈ ಸ್ವತಂತ್ರ ನಡೆ ಸ್ಟಾಲಿನ್ನನಿಗೆ ರುಚಿಸಲಿಲ್ಲ. 1948ರ ಜೂನಿನಲ್ಲಿ ಯುಗೋಸ್ಲಾವಿಯ ಕಾಮಿನ್‌ಫಾರ್ಮ್ ಸಂಘಟನೆಯಿಂದ ಹೊರಗಾಯಿತು. 1954ರ ಆಗಸ್ಟಿನಲ್ಲಿ ಗ್ರೀಸ್, ತುರ್ಕಿ, ಯುಗೋಸ್ಲಾವಿಯಗಳ ಮೈತ್ರಿಗೂ ಇದೇ ಊರಿನಲ್ಲಿ ಸಹಿ ಬಿತ್ತು. ಟಿಟೊನ ವಿಶ್ರಾಂತಿಸ್ಥಳಗಳು ರಾಜನೀತಿಯ ಸ್ಥಳಗಳೂ ಆಗಿದ್ದುವೆಂಬುದು ನಮ್ಮವರಿಗೆ ಹೊಸದಲ್ಲ; 1956ರ ಜುಲೈಯಲ್ಲಿ ನೆಹರೂ, ನಾಸೆರ್, ಟಿಟೊ ಈ ಮೂವರು ಸೇರಿದ ಬ್ರಿಯೋನಿ ದ್ವೀಪವೂ ಅಂತಹುದೇ.

ಸ್ಲಾವ್ಕೊ ಪೆಂಗೊವ್ ಎಂಬ ಚಿತ್ರಕಾರನ ವಿಷಯ ಇಲ್ಲಿ ಪ್ರಾಸಂಗಿಕವಾಗಿದೆ. 1930ರ ದಶಕದಲ್ಲಿ ಇವನು ಬ್ಲೆಡ್ ಊರಿನ ಸೇಂಟ್ ಮಾರ್ಟಿನ್ ಇಗರ್ಜಿಯ ಗೋಡೆಗಳಿಗೆ ಚಿತ್ರ ಬರೆದನು. ಅಲ್ಲಿಯ ಕೊನೆಯ ಭೋಜನದ ಚಿತ್ರದಲ್ಲಿ ಜೂದಾಸನ ಮುಖ ಲೆನಿನ್ನನ ಮುಖವನ್ನು ಹೋಲುತ್ತದೆಂದು ಪ್ರಸಿದ್ಧವಾಗಿದೆ. ಯುದ್ಧಾನಂತರ ಟಿಟೊನ ಭವನದ ಸಭಾಂಗಣದಲ್ಲಿ ವಿಮೋಚನಾಸಮರದ ಚಿತ್ರವನ್ನು ಬರೆದವನೂ ಇವನೇ. ಒಂದೇ ಊರಿನ ಎರಡು ಗೋಡೆಗಳ ಮೇಲೆ ಒಂದೇ ಕುಂಚ ಎರಡು ಕಾಲಗಳ ಮಾತನ್ನಾಡಿದೆ. ವ್ಯವಸ್ಥೆ ಬದಲಾದಾಗ ಮನುಷ್ಯರೂ ಕಟ್ಟಡಗಳೂ ಒಮ್ಮೆಲೇ ಮಾಯವಾಗುವುದಿಲ್ಲ, ಹೊಸ ಕೆಲಸಕ್ಕೆ ಹೊಂದಿಕೊಳ್ಳುತ್ತವೆ ಎಂಬುದಕ್ಕೆ ಇದು ನಿದರ್ಶನ.

ಇನ್ನು ಮುಖ್ಯ ಪ್ರಶ್ನೆ. ಟಿಟೊ 1980ರ ಮೇ 4ರಂದು ತೀರಿಕೊಂಡನು. ಭವನ ಹೋಟೆಲಾದುದು 1984ರಲ್ಲಿ. ಸ್ಲೊವೇನಿಯ ಸ್ವತಂತ್ರವಾದುದು 1991ರ ಜೂನ್ 25ರಂದು. ಎಂದರೆ ಪರಿವರ್ತನೆ ನಡೆದುದು ಹಳೆಯ ವ್ಯವಸ್ಥೆ ಬಿದ್ದ ಮೇಲಲ್ಲ. ಅದಕ್ಕಿಂತ 7 ವರ್ಷ ಮೊದಲು, ಆ ವ್ಯವಸ್ಥೆಯ ಕೈಯಿಂದಲೇ. ಇದರಲ್ಲಿ ಆಶ್ಚರ್ಯಪಡತಕ್ಕುದೇನೂ ಇಲ್ಲ. ಯುಗೋಸ್ಲಾವಿಯದಲ್ಲಿ ಉದ್ಯಮಗಳನ್ನು ಕಾರ್ಮಿಕಮಂಡಲಿಗಳಿಗೆ ಒಪ್ಪಿಸುವ ಕಾನೂನು 1950ರಷ್ಟು ಹಿಂದೆಯೇ ಬಂದಿತ್ತು. 1960ರ ದಶಕದಿಂದ ಪಶ್ಚಿಮದ ಪ್ರವಾಸಿಗಳಿಗೆ ಗಡಿ ತೆರೆದಿತ್ತು. 1980ರ ದಶಕದ ಆದಿಯಲ್ಲಿ ದೇಶದ ವಿದೇಶೀಸಾಲ ಸುಮಾರು 2,000 ಕೋಟಿ ಡಾಲರುಗಳನ್ನು ಮುಟ್ಟಿತ್ತು. ಸತ್ತ ನಾಯಕನ ಬರಿದಾದ ಮನೆಯಲ್ಲಿ ವಿದೇಶೀನಾಣ್ಯ ತರುವ ಅತಿಥಿಗಳನ್ನು ಇಳಿಸಿಕೊಳ್ಳುವುದು ಅಂದಿನ ಆಡಳಿತಕ್ಕೆ ಸಹಜವಾಗಿಯೇ ತೋರಿರಬೇಕೆಂದು ನಾವು ಊಹಿಸುತ್ತೇವೆ. ಸ್ವಾತಂತ್ರ್ಯಾನಂತರವೂ ಭವನ ಸರಕಾರದ ಸ್ವತ್ತಾಗಿಯೇ ಮುಂದುವರಿಯಿತೆಂಬುದು ಈ ಅನುಸ್ಯೂತಿಗೆ ಇನ್ನೊಂದು ಆಧಾರ.

ಹೊಸ ಹೋಟೆಲು ಹಳೆಯದನ್ನು ಮರೆಮಾಚಲಿಲ್ಲ. ಪೆಂಗೊವ್‌ನ ಭಿತ್ತಿಚಿತ್ರ ಉಳಿಯಿತು. ಟಿಟೊನ ಕಾಲದ ಪೀಠೋಪಕರಣಗಳು ಉಳಿದುವು. ಪ್ಲೆಚ್ನಿಕ್‌ನ ಕೃತಿಯಾದ ಬೆಲ್ವೆಡಿಯರ್ ಚಹಾಮಂಟಪ ಕಾಫಿಗೃಹವಾಯಿತು. ಗುಟ್ಟಾಗಿದ್ದುದೇ ಈಗ ಆಕರ್ಷಣೆಯಾಯಿತು. ಆದರೆ ಬಾಗಿಲು ತೆರೆಯಿತೆಂದ ಮಾತ್ರಕ್ಕೆ ಅದು ಎಲ್ಲರಿಗೂ ಸಮನಾಗಿ ತೆರೆಯಿತೆಂದು ಹೇಳುವಂತಿಲ್ಲ. ಅರಸನ ಕಾಲದಲ್ಲಿ ಕುಲ, ಟಿಟೊನ ಕಾಲದಲ್ಲಿ ಅಧಿಕಾರ, ಅನಂತರ ಹಣ. ಒಳಗೆ ಹೋಗುವ ಅರ್ಹತೆಯ ಲಕ್ಷಣ ಬದಲಾಯಿತು, ಅರ್ಹತೆ ಬೇಕೆಂಬ ನಿಯಮ ಬದಲಾಗಲಿಲ್ಲ.

ಆದಕಾರಣ ರಾಜ್ಯದ ಪತನಗಳನ್ನೇ ಅಳತೆಗೋಲಾಗಿ ಹಿಡಿದು ಕಟ್ಟಡಗಳ ಕಾಲವನ್ನು ವಿಭಾಗಿಸುವುದು ಸಾಧುವಲ್ಲವೆಂದು ನಮ್ಮ ಅಭಿಮತ. ಪ್ರತಿಯೊಂದು ಕಟ್ಟಡಕ್ಕೂ ಅದರದೇ ಆದ ಪಂಚಾಂಗವುಂಟು. ಇತಿಹಾಸಕಾರನು ಮೊದಲು ಅದನ್ನು ಓದಬೇಕು.