ಆಟಿಕಾದ ಬಂಡಾಯ ಮತ್ತು ಸೆರೆಯಾಳು ಸ್ಯಾಮ್ ಮೆಲ್ವಿಲ್

ಸೆರೆಯಲ್ಲಿರುವವರ ಸ್ಮರಣೆಯನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯವು ಸಭೆಯ ಕರ್ತವ್ಯವಾಗಿ ಎಣಿಸುತ್ತದೆ. ಅಲ್ಲಿ ಉದ್ದೇಶಿತರಾದವರು ನಂಬಿಕೆಯ ನಿಮಿತ್ತ ಬಂಧಿತರಾದವರೇ ಎಂದು ವಾದಿಸಬಹುದು. ಆದರೆ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕರ್ತನು ಸೆರೆಯಾಳಿನೊಂದಿಗೆ ತನ್ನನ್ನು ಗುರುತಿಸಿಕೊಳ್ಳುವಾಗ ಅವನ ಅಪರಾಧವನ್ನು ವಿಚಾರಿಸುವುದಿಲ್ಲ. ಹಾಗಾದರೆ ನಿಜವಾಗಿಯೂ ಅಪರಾಧಿಯಾಗಿದ್ದವನನ್ನು ನಾವು ಹೇಗೆ ಸ್ಮರಿಸಬೇಕು? ಸ್ಯಾಮ್ ಮೆಲ್ವಿಲ್‌ನ ಚರಿತ್ರೆಯು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ನಮ್ಮ ಮುಂದಿಡುತ್ತದೆ.

1934ರಲ್ಲಿ ಅಮೆರಿಕದ ನ್ಯೂಯಾರ್ಕ್‌ನಲ್ಲಿ ಜನಿಸಿದ ಅವನ ಮೊದಲ ಹೆಸರು ಸ್ಯಾಮ್ಯುಯೆಲ್ ಗ್ರಾಸ್‌ಮನ್. ಕಾದಂಬರಿಕಾರ ಹರ್ಮನ್ ಮೆಲ್ವಿಲ್‌ನ ಹೆಸರನ್ನು ತಾನೇ ತೆಗೆದುಕೊಂಡನು. ಉದ್ಯೋಗವನ್ನು ತೊರೆದನು, ಹೆಂಡತಿ ಮತ್ತು ಮಗನಿಂದ ದೂರವಾದನು. ವಿಯೆಟ್ನಾಮ್ ಯುದ್ಧದ ವಿರುದ್ಧ ಹುಟ್ಟಿದ ಅವನ ರೋಷವು 1969ರಲ್ಲಿ ಬಾಂಬುಗಳ ರೂಪ ತಾಳಿತು. ಆ ವರ್ಷದ ಆಗಸ್ಟ್ 20ರ ರಾತ್ರಿ ಮರೀನ್ ಮಿಡ್‌ಲ್ಯಾಂಡ್ ಬ್ಯಾಂಕಿನಲ್ಲಿ ಅವನಿಟ್ಟ ಬಾಂಬು ಸಿಡಿದು ಸುಮಾರು 20 ಮಂದಿ ಗಾಯಗೊಂಡರು. ಅವರು ಯುದ್ಧವನ್ನು ನಡೆಸುತ್ತಿದ್ದವರಲ್ಲ, ರಾತ್ರಿಪಾಳಿಯ ನೌಕರರು. ಮಾರತ್ತಹಳ್ಳಿಯಲ್ಲಿ ರಾತ್ರಿಪಾಳಿಯ ಕುಟುಂಬಗಳಿಗೆ ಪಾಲಕ ಸೇವೆ ಮಾಡುವ ನಾವು ಈ ಸಂಗತಿಯನ್ನು ಹಗುರವಾಗಿ ದಾಟಿಹೋಗಲಾರೆವು. ನವೆಂಬರಿನಲ್ಲಿ ಬಂಧಿತನಾದ ಅವನು ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾಗಿ, ಕೊನೆಗೆ ಆಟಿಕಾ ಸೆರೆಮನೆಯನ್ನು ಸೇರಿದನು.

ಆಟಿಕಾದಲ್ಲಿ 2,200ಕ್ಕೂ ಹೆಚ್ಚು ಸೆರೆಯಾಳುಗಳು ತುಂಬಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಪ್ಪು ಜನರು. ಕಾವಲುಗಾರರು ಬಹುಮಟ್ಟಿಗೆ ಬಿಳಿಯರು. ಸ್ನಾನ ವಾರಕ್ಕೊಮ್ಮೆ. ಅಲ್ಲಿ ಮೆಲ್ವಿಲ್ ಮಾಡಿದ ಒಂದು ಕೆಲಸವು ಗಮನಾರ್ಹವಾದುದು. ಬಟ್ಟೆ ತೊಳೆಯುವ ವಿಭಾಗದ ಕೂಲಿ ಮತ್ತು ಆದಾಯವನ್ನು ಲೆಕ್ಕಹಾಕಿ, ಸೆರೆಯಾಳುಗಳ ದುಡಿಮೆಯಿಂದ ಯಾರಿಗೆ ಲಾಭವೆಂಬುದನ್ನು ಬರೆದು ಸಹಬಂಧಿಗಳಿಗೆ ಹಂಚಿದನು. ತಡೆಹಿಡಿದ ಕೂಲಿಯು ದೇವರ ಕಿವಿಯನ್ನು ಮುಟ್ಟುತ್ತದೆಂಬ ಯಾಕೋಬನ ಎಚ್ಚರಿಕೆಯನ್ನು ಬಲ್ಲ ನಾವು ಆ ಲೆಕ್ಕವನ್ನು ಅಲ್ಲಗಳೆಯಲಾರೆವು. ಬಾಂಬು ನುಡಿಯಲಾರದ ಸತ್ಯವನ್ನು ಆ ಹಾಳೆಗಳು ನುಡಿದವು.

1971ರ ಸೆಪ್ಟೆಂಬರ್ 9ರಂದು ಬಂಡಾಯವು ಸಿಡಿಯಿತು. ಏಟು ತಿಂದ ಕಾವಲುಗಾರ ವಿಲಿಯಂ ಕ್ವಿನ್ ಎರಡು ದಿನಗಳ ನಂತರ ಮೃತನಾದನು. ಸಂಧಾನಕ್ಕೆ ಬಂದ ವೀಕ್ಷಕರಲ್ಲಿ ಮಾರ್ವಿನ್ ಚಾಂಡ್ಲರ್ ಮುಂತಾದ ಸಭಾಪಾಲಕರೂ ಇದ್ದರು. ರಾಜ್ಯಪಾಲ ರಾಕ್‌ಫೆಲ್ಲರ್ ಅಲ್ಲಿಗೆ ಬರಲು ಒಪ್ಪಲಿಲ್ಲ. 13ರ ಬೆಳಿಗ್ಗೆ ಪೊಲೀಸರು ಗುಂಡಿನ ಮಳೆಗರೆದರು. ಆ ದಾಳಿಯಲ್ಲಿ 29 ಸೆರೆಯಾಳುಗಳೂ 10 ಮಂದಿ ಒತ್ತೆಯಾಳುಗಳೂ ಹತರಾದರು, ಮೆಲ್ವಿಲ್ ಅವರಲ್ಲೊಬ್ಬನು. ಸೆರೆಯಾಳುಗಳೇ ಒತ್ತೆಯಾಳುಗಳ ಕತ್ತು ಕೊಯ್ದರೆಂದು ಅಧಿಕಾರಿಗಳು ಮೊದಲು ಸಾರಿದರು. ಮರುದಿನ ಶವಪರೀಕ್ಷೆ ನಡೆಸಿದ ವೈದ್ಯ ಜಾನ್ ಎಡ್‌ಲ್ಯಾಂಡ್, ಅವರೆಲ್ಲರೂ ಗುಂಡೇಟಿನಿಂದ ಸತ್ತರೆಂದು ಪ್ರಕಟಿಸಿದನು. ಬಂದೂಕುಗಳಿದ್ದದ್ದು ದಾಳಿಕಾರರ ಕೈಯಲ್ಲಿ ಮಾತ್ರ.

ಮೆಲ್ವಿಲ್‌ನನ್ನು ರಕ್ತಸಾಕ್ಷಿಯೆಂದು ಕರೆಯುವವರು ಬ್ಯಾಂಕಿನ ಗಾಯಾಳುಗಳನ್ನು ಮರೆಯುತ್ತಾರೆ. ರಾಕ್ಷಸನೆನ್ನುವವರು ಅವನಲ್ಲಿದ್ದ ದೇವಸ್ವರೂಪವನ್ನು ಮರೆಯುತ್ತಾರೆ. ಕೆಡುಕನ್ನು ಸ್ಫೋಟದಿಂದ ನೀಗಿಸಬಹುದೆಂದು ಅವನು ನಂಬಿದನು. ಸರ್ಕಾರವು ಅದೇ ನಂಬಿಕೆಯಿಂದ ಆಟಿಕಾದ ಅಂಗಳಕ್ಕೆ ನುಗ್ಗಿತು. ಆ ನಂಬಿಕೆಯನ್ನು ಕ್ರೂಜೆಯು ಇಬ್ಬರಲ್ಲಿಯೂ ಖಂಡಿಸುತ್ತದೆ.

ಆದಕಾರಣ ಕ್ರೈಸ್ತ ಸ್ಮರಣೆಯು ಮೊದಲು ಸತ್ಯವಾದ ಲೆಕ್ಕವಾಗಿರಬೇಕು. ಅದರಲ್ಲಿ ಗಾಯಗೊಂಡ ನೌಕರರು, ಸತ್ತ ಕಾವಲುಗಾರ, ಕೂಲಿವಂಚಿತ ಸೆರೆಯಾಳು ಎಲ್ಲರೂ ಸೇರಬೇಕು. ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹವು ನಮ್ಮ ಸಭೆಗಳಿಂದ ದೂರವಿಲ್ಲ. ಅಲ್ಲಿಗೆ ಹೋಗುವ ಸೇವಕರು ಹಾಡು ಪ್ರಾರ್ಥನೆಗಳೊಂದಿಗೆ ಕೇಳುವ ಕಿವಿಯನ್ನೂ ಒಯ್ಯಲಿ. ಒಳಗಿನವರು ಹೇಳುವ ಲೆಕ್ಕವು ಗುಂಡಿನ ಸದ್ದಾಗುವ ಮುನ್ನವೇ ಸಭೆಗೆ ಕೇಳಿಸಲಿ.